ಲೆಕ್ಕದ ತಂತ್ರಾಂಶ ತರುವ ಮುನ್ನ

2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಿತು. ಅಂದಿನಿಂದ ಜಮಖಂಡಿ, ಮುಧೋಳ, ಬೀಳಗಿಗಳ ನೋಂದಾಯಿತ ವ್ಯಾಪಾರಿಗಳೂ ರಬಕವಿ-ಬನಹಟ್ಟಿಯ ಮಗ್ಗದ ಮಾಲೀಕರೂ ತೆರಿಗೆಯ ರಿಟರ್ನನ್ನು ಕಂಪ್ಯೂಟರಿನ ಮೂಲಕವೇ ಸಲ್ಲಿಸಬೇಕಾಗಿದೆ. ಕಿರ್ದಿ-ಖಾತೆಗಳನ್ನು ತಂತ್ರಾಂಶಕ್ಕೆ ಏರಿಸಿಕೊಡುವ ಸಲಹೆಗಾರ ನಿಮಗೆ ಹೊಂದುವನೇ ಎಂದು ತಿಳಿಯುವುದು ಹೇಗೆ?

ಆತ ತನ್ನ ಸರಕನ್ನು ಹೊಗಳುವ ಮುನ್ನ ನಿಮ್ಮ ವ್ಯವಹಾರವನ್ನು ಕೇಳಿ ತಿಳಿದನೇ ನೋಡಿರಿ. ನೀವು ಮಗ್ಗದ ಮಾಲೀಕರಾಗಿದ್ದರೆ ನೇಕಾರನಿಗೆ ನೂಲನ್ನು ತೂಕದಲ್ಲಿ ಕೊಡುತ್ತೀರಿ; ಸೀರೆಯನ್ನು ಎಣಿಕೆಯಲ್ಲಿ ಪಡೆಯುತ್ತೀರಿ; ಕೊಟ್ಟ ಮುಂಗಡವನ್ನು ಮಜೂರಿಯಲ್ಲಿ ಮುರಿದುಕೊಳ್ಳುತ್ತೀರಿ. ಇಂಥ ಒಬ್ಬ ನೇಕಾರನ ಒಂದು ತಿಂಗಳ ಲೆಕ್ಕವನ್ನು ನಿಮ್ಮೆದುರಿಗೇ ಮಾಡಿ ತೋರಿಸೆನ್ನಿರಿ. ಉಳಿದ ನೂಲೂ ಬಾಕಿ ಮುಂಗಡವೂ ನಿಮ್ಮ ವಹಿಯೊಡನೆ ತಾಳೆಯಾದರೆ ಅರ್ಧ ಪರೀಕ್ಷೆ ಮುಗಿಯಿತು. ಲೆಕ್ಕ ತಪ್ಪಿದರೆ ಕೆಡುವುದು ನೇಕಾರನ ಕೂಲಿ ಎಂಬುದನ್ನು ಮರೆಯಬೇಡಿರಿ.

ಉಳಿದರ್ಧ ಕರಾರಿನದು. ವರ್ಷಕ್ಕೆ ಶುಲ್ಕವೆಷ್ಟು? ತೆರಿಗೆಯ ಗಡುವಿನ ದಿನ ಕಂಪ್ಯೂಟರ್ ಹಟ ಹಿಡಿದರೆ ಬರುವವರಾರು? ಆತನನ್ನು ಬಿಟ್ಟ ದಿನ ನಿಮ್ಮ ಲೆಕ್ಕವೆಲ್ಲ ನಿಮ್ಮ ಕೈಸೇರುವುದೇ? ಉತ್ತರಗಳನ್ನು ಬರಹದಲ್ಲಿ ಪಡೆಯಿರಿ. ಎರಡು ತಿಂಗಳು ಹಳೆಯ ಕಿರ್ದಿಯನ್ನೂ ಜೊತೆಯಲ್ಲಿ ಬರೆಯುತ್ತ ಬನ್ನಿರಿ. ಎರಡೂ ಒಂದೇ ಮೊತ್ತವನ್ನು ಹೇಳಿದ ಬಳಿಕ ವಹಿಯನ್ನು ಮುಚ್ಚಬಹುದು.