ಇಲ್ಲದ ಪೆಟ್ಟಿಗೆಯೊಳಗೆ ಅಜ್ಜಿಯ ಚೆನ್ನೆಮಣೆ

ಕಾಸರಗೋಡು: ರಜೆ ಬಂತೆಂದರೆ ಮಕ್ಕಳ ಕೈಗೆ ಮೊಬೈಲ್. ಮೊಬೈಲ್ ಕೈಗೆ ಬಂತೆಂದರೆ ಗೇಮ್. ‘ಇವನಿಗೆ ಊಟ ಬೇಡ, ನಿದ್ದೆ ಬೇಡ, ಗೇಮ್ ಒಂದಿದ್ದರೆ ಸಾಕು ಮಾರಾಯ್ರೆ’ ಎಂಬ ದೂರು ಮಂಜೇಶ್ವರದಿಂದ ತಾಳವಾಡಿಯವರೆಗೆ, ಹೊಸೂರಿನಿಂದ ಅಕ್ಕಲಕೋಟೆಯವರೆಗೆ ಎಲ್ಲ ಕನ್ನಡ ಮನೆಗಳಲ್ಲೂ ಒಂದೇ. ಬೈದು ಫೋನ್ ಕಸಿದುಕೊಂಡರೆ ಒಂದು ಗಂಟೆ ಮುಖ ಊದಿಸಿಕೊಂಡು ಕೂರುತ್ತಾರೆ. ಆಮೇಲೆ ಮತ್ತದೇ ರಾಗ.

ಆ ಹುಡುಗನ ಕೈಗೆ, ಆ ಹುಡುಗಿಯ ಕೈಗೆ ಆಟ ಕಟ್ಟುವ ಸಲಕರಣೆಯನ್ನೇ ಕೊಟ್ಟುಬಿಟ್ಟರೆ? ಅಂಥ ಸಲಕರಣೆ ಉಂಟು. ದುಡ್ಡು ಬೇಡ, ಹೊಸ ಕಂಪ್ಯೂಟರ್ ಬೇಡ. ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು. ಅದರ ಹೆಸರು ಫ್ಯಾಂಟಸಿ ಕನ್ಸೋಲ್. ಹಾಗೆಂದರೆ ಕಲ್ಪನೆಯ ವಿಡಿಯೋ ಗೇಮ್ ಪೆಟ್ಟಿಗೆ.

ಕ್ಯಾಸೆಟ್ ಊದಿದ ಕಾಲ

ಈಗ ನಲವತ್ತರ ಆಸುಪಾಸಿನಲ್ಲಿರುವ ಅಪ್ಪ-ಅಮ್ಮಂದಿರಿಗೆ ಟಿವಿ ಗೇಮ್ ನೆನಪಿರಬಹುದು. ಟಿವಿಗೆ ವಯರ್ ಸಿಕ್ಕಿಸಿ, ಪೆಟ್ಟಿಗೆಯ ಬಾಯಿಗೆ ಕ್ಯಾಸೆಟ್ ತುರುಕಿ, ಅದು ಓಡದಿದ್ದರೆ ಹೊರತೆಗೆದು ‘ಫೂ’ ಎಂದು ಊದಿ ಮತ್ತೆ ಸಿಕ್ಕಿಸುವ ಆಟ. ನಮ್ಮ ಪೇಟೆಗಳಲ್ಲಿ ಸಿಗುತ್ತಿದ್ದ ಅಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವು 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತಂದ ಫ್ಯಾಮಿಕಾಮ್ ಯಂತ್ರದ ನಕಲುಗಳು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಇಡೀ ಆಟ ಹಿಡಿದದ್ದು ಬರೀ 40 ಕಿಲೋಬೈಟ್ ಜಾಗದಲ್ಲಿ! ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅದರ ಹತ್ತಾರು ಪಟ್ಟು ಜಾಗ ತಿನ್ನುತ್ತದೆ.

ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಆಟ ಕಟ್ಟುವ ಮಜಾ ಬೇರೆಯೇ. ಆ ಮಜಾವನ್ನು ಈಗಿನ ಕಂಪ್ಯೂಟರಿಗೆ ತಂದದ್ದೇ ಫ್ಯಾಂಟಸಿ ಕನ್ಸೋಲ್. ನಿಜದ ಪೆಟ್ಟಿಗೆ ಯಾವ ಕಾರ್ಖಾನೆಯಲ್ಲೂ ತಯಾರಾಗಲಿಲ್ಲ. ‘ಇಂಥದ್ದೊಂದು ಯಂತ್ರ ಇದ್ದಿದ್ದರೆ ಹೀಗಿರುತ್ತಿತ್ತು’ ಎಂದು ಊಹಿಸಿ, ಅದರ ಮಿತಿಗಳನ್ನೆಲ್ಲ ಗೊತ್ತುಮಾಡಿ, ಆ ಯಂತ್ರದಂತೆ ನಟಿಸುವ ಸಾಫ್ಟ್‌ವೇರ್ ಬರೆದಿದ್ದಾರೆ. ಯಕ್ಷಗಾನದಲ್ಲಿ ವೇಷ ಕಟ್ಟಿದ ಮೇಲೆ ಸಾಮಾನ್ಯ ಮನುಷ್ಯನೇ ಕರ್ಣನಾಗುವ ಹಾಗೆ, ಮನೆಯ ಲ್ಯಾಪ್‌ಟಾಪೇ ಹಳೆಯ ಗೇಮ್ ಪೆಟ್ಟಿಗೆಯ ವೇಷ ಕಟ್ಟುತ್ತದೆ ಎನ್ನಿ.

ಈ ಹೆಸರನ್ನು ಮನೆಮಾತು ಮಾಡಿದ್ದು ಪಿಕೊ-8. ಜಪಾನಿನ ಟೋಕಿಯೋದಲ್ಲಿ ನೆಲೆಸಿ ಕೆಲಸ ಮಾಡಿದ ಜೋಸೆಫ್ ವೈಟ್ ಅವರ ಸೃಷ್ಟಿ ಇದು. ಇದರ ತೆರೆ 128 ಚುಕ್ಕಿ ಅಗಲ, 128 ಚುಕ್ಕಿ ಎತ್ತರ, ಅಷ್ಟೆ. ಬಣ್ಣ 16. ಒಮ್ಮೆಗೆ ನಾಲ್ಕು ದನಿ. ಒಂದು ಆಟದ ‘ಕ್ಯಾಸೆಟ್’ 32 ಕಿಲೋಬೈಟ್ ದಾಟುವಂತಿಲ್ಲ. ಬರೆಯುವ ಪ್ರೋಗ್ರಾಮಿಗೂ 8192 ಟೋಕನ್ ಎಂಬ ಲೆಕ್ಕವುಂಟು. ಸುಮಾರಾಗಿ ಒಂದೊಂದು ಪದ, ಒಂದೊಂದು ಚಿಹ್ನೆ ಒಂದು ಟೋಕನ್. ಕ್ಯಾಸೆಟ್ ಕೂಡ ಒಂದು ಚಿತ್ರದ ಫೈಲಿನ ರೂಪದಲ್ಲಿರುತ್ತದೆ. ನೋಡಿದರೆ ಕ್ಯಾಸೆಟಿನ ಫೋಟೊ, ಆದರೆ ಆ ಚಿತ್ರದ ಬಣ್ಣಗಳ ಸಂದಿಯಲ್ಲೇ ಇಡೀ ಆಟ ಅಡಗಿ ಕುಳಿತಿರುತ್ತದೆ.

‘ಇಷ್ಟು ಚಿಕ್ಕದರಲ್ಲಿ ಎಂತ ಮಾಡಲಿಕ್ಕಾಗುತ್ತದೆ?’ ಎಂದು ಮೂಗು ಮುರಿಯುವವರಿಗೆ ಒಂದು ಉತ್ತರ ಉಂಟು. 2015ರಲ್ಲಿ ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ಎಂಬಿಬ್ಬರು ನಾಲ್ಕೇ ದಿನ ಕೂತು ಪಿಕೊ-8ರಲ್ಲಿ ಬೆಟ್ಟ ಹತ್ತುವ ಆಟವೊಂದನ್ನು ಮಾಡಿದರು. ಹೆಸರು ‘ಸೆಲೆಸ್ಟ್’. ಅದೇ ಬೆಳೆದು 2018ರ ಜನವರಿಯಲ್ಲಿ ದೊಡ್ಡ ಆಟವಾಗಿ ಹೊರಬಂತು. ಅದೇ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಸ್ವತಂತ್ರ ಆಟ ಎಂಬ ಪ್ರಶಸ್ತಿಯನ್ನೂ ಬಾಚಿಕೊಂಡಿತು.

ನಮ್ಮ ಮನೆಗೆ ಯಾವುದು?

ಪಿಕೊ-8ಕ್ಕೆ ಸುಮಾರು 15 ಡಾಲರ್ ಬೆಲೆ. ಬ್ರೌಸರಿನಲ್ಲೇ ಓಡುವ ಶಿಕ್ಷಣ ಆವೃತ್ತಿ ಪುಕ್ಕಟೆ, ರುಚಿ ನೋಡುವುದಕ್ಕೆ ಅದು ಸಾಕು. ಪೈಥಾನ್ ಕಲಿಯುತ್ತಿರುವ ಮಕ್ಕಳಿಗೆ ಜಪಾನಿನ ತಕಾಶಿ ಕಿಟಾವೊ ಅವರ ಪಿಕ್ಸೆಲ್ ಎಂಬುದೂ ಇದೆ, ಅದೂ ಉಚಿತ.

ಆದರೆ ಗಡಿನಾಡಿನ ಮನೆಗಳಿಗೆ ಹೇಳಿ ಮಾಡಿಸಿದಂತಿರುವುದು ಟಿಕ್-80. ವಾದಿಮ್ ಗ್ರಿಗೊರುಕ್ ಅವರು ಶುರುಮಾಡಿದ ಇದು ಮುಕ್ತ ತಂತ್ರಾಂಶ. ಹೆಚ್ಚಿನ ಸೌಲಭ್ಯದ ಪ್ರೊ ಆವೃತ್ತಿಗೆ ಮಾತ್ರ ದುಡ್ಡು, ಸಾಮಾನ್ಯ ಆವೃತ್ತಿ ಪೂರ್ತಿ ಪುಕ್ಕಟೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ. ಈ ಲಿನಕ್ಸ್ ಎಂಬುದು ಇಲ್ಲಿ ಮುಖ್ಯ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ಲಿನಕ್ಸೇ. 2018ರಲ್ಲಿ ಶುರುವಾದ ಲಿಟ್ಲ್ ಕೈಟ್ಸ್ ಕ್ಲಬ್ಬುಗಳ ಮಕ್ಕಳಿಗೆ ಸ್ಕ್ರ್ಯಾಚ್ ಎಂಬ ಸಲಕರಣೆಯ ಪರಿಚಯವೂ ಇರುತ್ತದೆ. ಸ್ಕ್ರ್ಯಾಚಿನಲ್ಲಿ ಬಣ್ಣದ ತುಂಡುಗಳನ್ನು ಜೋಡಿಸಿದ ಮಗುವಿಗೆ ಮುಂದಿನ ಮೆಟ್ಟಿಲು ಇದು. ಅತ್ತ ತಮಿಳುನಾಡಿನಲ್ಲಿ 2011ರಲ್ಲಿ ಶುರುವಾದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ಅಕ್ಕನಿಗೋ ಅಣ್ಣನಿಗೋ ಸಿಕ್ಕಿದ ಯಂತ್ರ ಇನ್ನೂ ಉಸಿರಾಡುತ್ತಿದ್ದರೆ ಅದನ್ನೂ ಎಬ್ಬಿಸಬಹುದು.

ಟಿಕ್-80ರ ತೆರೆ 240 ಚುಕ್ಕಿ ಅಗಲ, 136 ಚುಕ್ಕಿ ಎತ್ತರ. ಬಣ್ಣ ಇಲ್ಲೂ 16. ಬರೆಯಲು ಹಲವು ಭಾಷೆಗಳ ಆಯ್ಕೆ ಉಂಟು, ಹೊಸಬರು ಲುವಾ ಹಿಡಿದರೆ ಒಳ್ಳೆಯದು. ಲುವಾ ಹುಟ್ಟಿದ್ದು 1993ರಲ್ಲಿ ಬ್ರೆಜಿಲಿನ ರಿಯೊ ನಗರದ ವಿಶ್ವವಿದ್ಯಾಲಯವೊಂದರಲ್ಲಿ. ಪೋರ್ಚುಗೀಸ್ ಭಾಷೆಯಲ್ಲಿ ಲುವಾ ಅಂದರೆ ಚಂದ್ರ. ‘ಇಂಗ್ಲಿಷ್ ಚೆನ್ನಾಗಿ ಬರಬೇಕಾ?’ ಎಂದು ಕನ್ನಡ ಮಾಧ್ಯಮದ ಮಕ್ಕಳ ತಾಯಂದಿರು ಕೇಳುವುದು ಸಹಜ. ಇಫ್, ದೆನ್, ಎಂಡ್, ಫಂಕ್ಷನ್ ಎಂಬ ಹತ್ತಿಪ್ಪತ್ತು ಪದಗಳ ಸ್ಪೆಲ್ಲಿಂಗ್ ಬಂದರೆ ಸಾಕು, ವ್ಯಾಕರಣದ ಹೆದರಿಕೆ ಇಲ್ಲ.

ಮೊದಲ ದಿನ

ಟಿಕ್-80 ತೆರೆದರೆ ಕಪ್ಪು ತೆರೆ, ಮಿಣುಕುವ ಗುರುತು. ಅಲ್ಲಿ ‘ರನ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಪುಟ್ಟದೊಂದು ಮುಖ ಬರುತ್ತದೆ, ಕೆಳಗೆ ‘ಹಲೋ ವರ್ಲ್ಡ್’ ಎಂಬ ಬರಹ. ಬಾಣದ ಕೀಲಿ ಒತ್ತಿದರೆ ಮುಖ ಓಡಾಡುತ್ತದೆ. ಇದು ಪೆಟ್ಟಿಗೆಯೊಳಗೇ ಬರುವ ಮಾದರಿ ಆಟ. ಆಟದಿಂದ ಹೊರಬಂದ ಮೇಲೆ ಎಸ್ಕೇಪ್ ಒತ್ತಿದರೆ ಅದರ ಪ್ರೋಗ್ರಾಮ್ ಕಾಣುತ್ತದೆ. ಎಫ್1 ಪ್ರೋಗ್ರಾಮಿಗೆ, ಎಫ್2 ಚಿತ್ರಕ್ಕೆ, ಎಫ್3 ನಕಾಶೆಗೆ, ಎಫ್4 ಸದ್ದಿಗೆ, ಎಫ್5 ಸಂಗೀತಕ್ಕೆ. ಬೇರೆ ಯಾವ ಸಾಫ್ಟ್‌ವೇರೂ ಬೇಡ, ಎಲ್ಲ ಒಂದೇ ಪೆಟ್ಟಿಗೆಯಲ್ಲಿ.

ಮೊದಲ ದಿನ ಹೊಸದೇನೂ ಬರೆಯಬಾರದು. ಇದ್ದದ್ದನ್ನು ಕೆಡಿಸಿ ನೋಡಬೇಕು! ಮೇಲ್ಗಡೆ ಎಕ್ಸ್ ಎಂಬುದಕ್ಕೆ 96 ಎಂದಿರುತ್ತದೆ. ಅದನ್ನು 10 ಮಾಡಿದರೆ ಮುಖ ಎಡಕ್ಕೆ ಹೋಗಿ ನಿಲ್ಲುತ್ತದೆ. ಕೀಲಿ ಒತ್ತಿದಾಗ 1 ಕೂಡಿಸು, 1 ಕಳೆ ಎಂದಿರುವಲ್ಲಿ 3 ಎಂದು ಬದಲಿಸಿದರೆ ಮುಖ ಮೂರು ಪಟ್ಟು ವೇಗದಲ್ಲಿ ಓಡುತ್ತದೆ. ಎಫ್2 ಒತ್ತಿ ಆ ಮುಖಕ್ಕೆ ಮೀಸೆ ಬರೆದರೆ ಆಟದಲ್ಲೂ ಮೀಸೆ ಬರುತ್ತದೆ. ಮಕ್ಕಳು ನಗುವುದು ಇಲ್ಲೇ, ಕಲಿಯುವುದೂ ಇಲ್ಲೇ.

ಪ್ರೋಗ್ರಾಮಿನ ನಡುವೆ ಟಿಕ್ ಎಂಬ ಫಂಕ್ಷನ್ ಇದೆ. ಅದೇ ಇದರ ಗುಂಡಿಗೆ. ಅದರೊಳಗೆ ಬರೆದದ್ದನ್ನು ಪೆಟ್ಟಿಗೆ ಸೆಕೆಂಡಿಗೆ 60 ಸಲ ನಡೆಸುತ್ತದೆ. ಪ್ರತಿ ಸಲವೂ ತೆರೆ ಒರೆಸು, ಚಿತ್ರ ಇಡು, ಬರಹ ಬರೆ. ಇಷ್ಟು ತಿಳಿದವರಿಗೆ ಅರ್ಧ ಕೆಲಸ ಮುಗಿದಂತೆ.

ಹದಿನಾಲ್ಕು ಗುಳಿ

ಹೆಚ್ಚಿನ ಮಕ್ಕಳು ಎಡವುವುದು ಎರಡನೇ ವಾರ. ಮೊಬೈಲಿನಲ್ಲಿ ಆಡಿದ ದೊಡ್ಡ ಯುದ್ಧದ ಆಟವನ್ನೇ ಮಾಡುತ್ತೇನೆಂದು ಹೊರಟು, ಒಂದು ಬಂದೂಕು ಬರೆದು, ಅಲ್ಲಿಗೇ ಬಿಡುತ್ತಾರೆ. ಮುಗಿಸಬಲ್ಲ ಆಟ ಹಿಡಿಯಬೇಕು. ಅಂಥ ಆಟಗಳು ನಮ್ಮ ಅಟ್ಟದ ಮೇಲೇ ಬಿದ್ದಿವೆ. ಆಟಿ ತಿಂಗಳ ಮಳೆಯಲ್ಲಿ ತುಳುನಾಡಿನ ಮನೆಗಳಲ್ಲಿ ಆಡುತ್ತಿದ್ದ ಚೆನ್ನೆಮಣೆ ಫ್ಯಾಂಟಸಿ ಕನ್ಸೋಲಿಗಾಗಿಯೇ ಹುಟ್ಟಿತೇನೋ ಎನ್ನುವಷ್ಟು ಸರಿಹೊಂದುತ್ತದೆ. ತಾಳವಾಡಿ, ಹೊಸೂರು ಕಡೆಯವರಿಗೆ ಇದು ಅಳಗುಳಿ ಮಣೆ. ತಮಿಳರ ಪಲ್ಲಾಂಗುಳಿ, ತೆಲುಗರ ವಾಮನಗುಂಟಲು ಇದರ ಅಕ್ಕತಂಗಿಯರೇ.

ಸಾಲಿಗೆ ಏಳರಂತೆ 14 ಗುಳಿ. ಗುಳಿಗೆ ನಾಲ್ಕು ಮಂಜೊಟ್ಟಿ ಕಾಯಿ ಎಂದರೆ ಒಟ್ಟು 56. ಕಂಪ್ಯೂಟರಿನ ಕಣ್ಣಿಗೆ ಇದು 14 ಅಂಕಿಗಳ ಒಂದು ಪಟ್ಟಿ, ಅಷ್ಟೆ. ಒಂದು ಗುಳಿ ಬರಿದು ಮಾಡಿ ಮುಂದಿನ ಗುಳಿಗಳಿಗೆ ಒಂದೊಂದು ಹಾಕುತ್ತಾ ಹೋಗುವುದು ಅಂದರೆ ಆ ಗುಳಿಯ ಅಂಕಿ ಸೊನ್ನೆ ಮಾಡಿ, ಮುಂದಿನವಕ್ಕೆ ಒಂದೊಂದು ಕೂಡಿಸುವುದು. 14 ಮುಗಿದ ಮೇಲೆ ಮತ್ತೆ 1ಕ್ಕೆ ಬರಬೇಕು. ಲುವಾದಲ್ಲಿ ಪಟ್ಟಿಯ ಲೆಕ್ಕ 1ರಿಂದಲೇ ಶುರು, ಬೇರೆ ಎಷ್ಟೋ ಭಾಷೆಗಳಲ್ಲಿ ಸೊನ್ನೆಯಿಂದ. ಗುಳಿಗೆ 32 ಚುಕ್ಕಿ ಅಗಲ ಕೊಟ್ಟರೆ ಏಳಕ್ಕೆ 224. ತೆರೆಯ 240ರೊಳಗೆ ಮಣೆ ಸಲೀಸಾಗಿ ಕೂರುತ್ತದೆ.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಗುಳಿ ಆರಿಸುವ ಕೈಗುರುತನ್ನು ಬಾಣದ ಕೀಲಿಯಿಂದ ಸರಿಸಲು ಮಾದರಿ ಆಟದಲ್ಲಿರುವ ಬಿಟಿಎನ್ ಬಳಸಿದರೆ ಅದು ಒತ್ತಿದ್ದೇ ತಡ ಏಳೆಂಟು ಗುಳಿ ಹಾರಿ ಹೋಗುತ್ತದೆ. ಸೆಕೆಂಡಿಗೆ 60 ಸಲ ಕೇಳುತ್ತದಲ್ಲ! ಅದಕ್ಕೆ ಬಿಟಿಎನ್‌ಪಿ ಎಂಬುದನ್ನು ಬಳಸಬೇಕು, ಅದು ಒಂದು ಒತ್ತಿಗೆ ಒಂದೇ ಹೆಜ್ಜೆ ಇಡುತ್ತದೆ. ಕಾಯಿ ಹಾಕುವುದೂ ಅಷ್ಟೇ. ತಡೆಯದಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ಪ್ರತಿ 15 ಸುತ್ತಿಗೆ ಒಂದು ಕಾಯಿ ಎಂದು ಕಟ್ಟಿದರೆ ಕಾಲು ಸೆಕೆಂಡಿಗೊಂದರಂತೆ ಟಕ್ ಟಕ್ ಎಂದು ಬೀಳುತ್ತದೆ. ಆ ‘ಟಕ್’ ಸದ್ದನ್ನು ಎಫ್4ರಲ್ಲಿ ಮಾಡಿಕೊಳ್ಳಬಹುದು.

ಇನ್ನು ನಿಯಮ. ಕೈಯ ಕಾಯಿ ಮುಗಿದಾಗ ಮುಂದಿನ ಗುಳಿಯಲ್ಲಿದ್ದದ್ದನ್ನು ಎತ್ತಿ ಆಟ ಮುಂದುವರಿಸುವುದು, ಮುಂದಿನದು ಬರಿದಿದ್ದರೆ ಅದರಾಚೆಗಿನದನ್ನು ಗೆದ್ದುಕೊಳ್ಳುವುದು ಒಂದು ಸಾಮಾನ್ಯ ಕ್ರಮ. ಗುಳಿಯಲ್ಲಿ ನಾಲ್ಕು ಕೂಡಿದರೆ ಎತ್ತಿಕೊಳ್ಳುವ ಪದ್ಧತಿ ಕೆಲವೆಡೆ ಉಂಟು. ಒಂದೊಂದು ಮನೆಯಲ್ಲಿ ಒಂದೊಂದು ಕ್ರಮ, ಕಂಪ್ಯೂಟರಿಗೆ ಮಾತ್ರ ‘ಸುಮಾರಾಗಿ ಹೀಗೆ’ ಎಂದರೆ ಆಗದು. ‘ಅಜ್ಜೀ, ಎರಡು ಗುಳಿ ಸಾಲಾಗಿ ಬರಿದಿದ್ದರೆ ಎಂತ ಮಾಡುವುದು?’ ಎಂದು ಮೊಮ್ಮಗ ಕೇಳಲೇಬೇಕಾಗುತ್ತದೆ. ಅಜ್ಜಿಗೂ ಒಮ್ಮೆ ಕೂತು ಯೋಚಿಸಬೇಕಾಗುತ್ತದೆ. ಹಾಗೆ ಕೇಳಿ ಬರೆದಿಟ್ಟ ನಿಯಮ ಆ ಮನೆಯದೇ ದಾಖಲೆ, ಇನ್ನೆಲ್ಲೂ ಸಿಗುವಂಥದ್ದಲ್ಲ. ಜತ್ತ, ಅಕ್ಕಲಕೋಟೆ ಕಡೆಯವರು ಚೌಕಾಬಾರವನ್ನೋ, ಮೂರು ಹುಲಿ ಹದಿನೈದು ಕುರಿಯ ಆಟವನ್ನೋ ಇದೇ ರೀತಿ ಹಿಡಿಯಬಹುದು.

ಕನ್ನಡ ಎಲ್ಲಿ?

ಒಂದು ಕೊರತೆ ಇದೆ. ಪಿಕೊ-8ರಲ್ಲಿ ಇಂಗ್ಲಿಷ್ ಅಕ್ಷರಗಳ ಜೊತೆ ಜಪಾನಿನ ಕಾನಾ ಅಕ್ಷರಗಳೂ ಇವೆ. ಟಿಕ್-80ರೊಳಗಿನ ಅಕ್ಷರ ಇಂಗ್ಲಿಷಿನದು. ಕನ್ನಡ ಎರಡರಲ್ಲೂ ಇಲ್ಲ. ಶಾಲೆಯ ಹೊರಗೆ ಬೋರ್ಡು, ಬಸ್ಸು, ಅರ್ಜಿ ಎಲ್ಲ ಬೇರೆ ಭಾಷೆಯಲ್ಲಿರುವ ಊರಿನ ಮಕ್ಕಳಿಗೆ ಇದು ಹೊಸ ಸಂಗತಿಯೇನಲ್ಲ. ಆದರೆ ಇಲ್ಲಿ ಯಾರ ಅಪ್ಪಣೆಯನ್ನೂ ಕಾಯಬೇಕಿಲ್ಲ. ಅಕ್ಷರವನ್ನು ಚಿತ್ರವಾಗಿ ಬರೆದರಾಯಿತು.

ಅಂಕಿಗಳಿಂದ ಶುರುಮಾಡುವುದು ಜಾಣತನ. ೦ಯಿಂದ ೯ರವರೆಗೆ ಹತ್ತು ಅಂಕಿ, ಒಂದೊಂದೂ 8 ಚುಕ್ಕಿ ಅಗಲ 8 ಚುಕ್ಕಿ ಎತ್ತರದ ಒಂದೇ ಚೌಕದಲ್ಲಿ ಹಿಡಿಯುತ್ತದೆ. ಅವನ್ನು ಚಿತ್ರಪಟ್ಟಿಯ 32ರಿಂದ 41ರವರೆಗಿನ ಚೌಕಗಳಲ್ಲಿ ಸಾಲಾಗಿ ಬರೆದಿಟ್ಟರೆ, ಗುಳಿಯ ಲೆಕ್ಕಕ್ಕೆ 32 ಕೂಡಿಸಿದ ಚೌಕವೇ ಬೇಕಾದ ಅಂಕಿ. ಕಾಯಿ ಒಂಬತ್ತು ದಾಟಿದರೆ ಎರಡು ಚೌಕ ಅಕ್ಕಪಕ್ಕ ಇಡಬೇಕು.

ಅಕ್ಷರಕ್ಕೆ ಅಷ್ಟು ಜಾಗ ಸಾಲದು. ‘ಮ’ ಹೇಗೋ ಹಿಡಿಯಬಹುದು, ‘ನ್ನೆ’ ಹಿಡಿಯುವುದಿಲ್ಲ. ಮೇಲೆ ಎತ್ವ, ಕೆಳಗೆ ಒತ್ತು. ಅದಕ್ಕೆ 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರ, ಅಂದರೆ ನಾಲ್ಕು ಚೌಕ ಬೇಕು. ಟಿಕ್-80ರಲ್ಲಿ ಚಿತ್ರಕ್ಕೂ ನಕಾಶೆಗೂ ಸೇರಿ ಇರುವುದು 512 ಚೌಕ, ಎಲ್ಲವನ್ನೂ ಅಕ್ಷರಕ್ಕೇ ಕೊಟ್ಟರೂ 128 ಅಕ್ಷರ. ಕಾಗುಣಿತ ಇಡೀ ಬರೆಯಲು ಜಾಗವಿಲ್ಲ, ಬೇಕಾಗಿಯೂ ಇಲ್ಲ. ‘ಚೆನ್ನೆಮಣೆ’ಗೆ ನಾಲ್ಕು ಅಕ್ಷರ, ‘ಗೆದ್ದೆ’ಗೆ ಎರಡು, ‘ಸೋತೆ’ಗೆ ಎರಡು. ಎಂಟು ಅಕ್ಷರ, 32 ಚೌಕ. ಒಂದು ಭಾನುವಾರದ ಕೆಲಸ. ಚೌಕುಳಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಮೊದಲು ತುಂಬಿ ನೋಡಿಕೊಂಡರೆ ಕೆಲಸ ಬೇಗ. ‘ದ್ದೆ’ಯ ಒತ್ತು ಎಷ್ಟು ಕೆಳಗೆ ಬರಬೇಕು, ತಲೆಕಟ್ಟಿಗೆ ಎಷ್ಟು ಚುಕ್ಕಿ ಸಾಕು ಎಂದು ಚುಕ್ಕಿ ಎಣಿಸಿ ಕಲಿತ ಅಕ್ಷರ ಕಾಪಿ ಪುಸ್ತಕದ್ದಕ್ಕಿಂತ ಗಟ್ಟಿಯಾಗಿ ಕೂರುತ್ತದೆ.

ಆಗಾಗ ಕಂಟ್ರೋಲ್-ಎಸ್ ಒತ್ತಿ ಉಳಿಸುವುದನ್ನು ಮರೆಯಬಾರದು. ಕರೆಂಟಿನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಬ್ರೌಸರಿನಲ್ಲಿ ಮಾಡಿದ ಆಟದ ಪ್ರತಿಯೊಂದನ್ನು ಬೇರೆ ಕಡೆಯೂ ಇಟ್ಟುಕೊಳ್ಳಬೇಕು. ಆಟ ಮುಗಿದ ಮೇಲೆ ‘ಎಕ್ಸ್‌ಪೋರ್ಟ್’ ಆದೇಶದಿಂದ ಅದನ್ನು ಎಚ್‌ಟಿಎಂಎಲ್ ರೂಪಕ್ಕೆ ಇಳಿಸಬಹುದು. ಆಗ ಬ್ರೌಸರಿನಲ್ಲೇ ಆಡಬಹುದು, ಟಿಕ್-80 ಇಲ್ಲದವರಿಗೂ ತೊಂದರೆಯಿಲ್ಲ. ಕಂಪ್ಯೂಟರೇ ಎದುರಾಳಿಯಾಗಿ ಆಡುವಂತೆ ಮಾಡುವುದು ಆಮೇಲಿನ ಮಾತು. ಸರದಿಯ ಆಟವಾದ್ದರಿಂದ ಸದ್ಯಕ್ಕೆ ಇಬ್ಬರಿಗೆ ಒಂದೇ ಕೀಬೋರ್ಡ್ ಸಾಕು.