ಹೊಲದಲ್ಲಿಯೂ ಮೈಮೇಲೆಯೂ ಅಡಗಿರುವ ಗಣಕ

ಹುನಗುಂದ ಸೀಮೆಯ ಭಕ್ತರಿಗೆ ಹನಿ ನೀರಾವರಿ ಹೊಸ ಮಾತಲ್ಲ. ರಾಮಥಾಳ-ಮರೋಳ ಏತ ನೀರಾವರಿಯ ಎರಡನೆಯ ಹಂತದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರನ್ನೆತ್ತಿ, ಸುಮಾರು 24,000 ಹೆಕ್ಟೇರ್ ಭೂಮಿಗೆ ಹನಿಹನಿಯಾಗಿ ಉಣಿಸುವ ಯೋಜನೆ ರೂಪುಗೊಂಡಿತು. ಕವಾಟಗಳನ್ನು ತೆರೆದು ಮುಚ್ಚುವ ಕಾರ್ಯವನ್ನು ಗಣಕವೇ ನಿರ್ವಹಿಸಬೇಕೆಂಬುದು ಅದರ ಕಲ್ಪನೆ. ಆದರೆ ಎರೆಹೊಲ ಉಳುವಾಗ ಕೊಳವೆ ತುಂಡಾದರೆ, ಹನಿಯ ತೂತಿನಲ್ಲಿ ಕೆಸರು ಕಟ್ಟಿದರೆ ಗಣಕವೊಂದೇ ಏನು ಮಾಡೀತು? ನೋಡಿಕೊಳ್ಳುವ ಮನುಷ್ಯನೊಬ್ಬ ಬೇಕೇ ಬೇಕು.

ಹೀಗೆ ನಿತ್ಯ ಬಳಕೆಯ ವಸ್ತುಗಳೊಳಗೆ ಗಣಕ ಅಡಗಿ ದುಡಿಯುವುದನ್ನು ತಜ್ಞರು ಸರ್ವವ್ಯಾಪಿ ಗಣಕ ವ್ಯವಸ್ಥೆ ಎನ್ನುತ್ತಾರೆ. ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದ ಮಾರ್ಕ್ ವೈಸರ್ 1988ರ ಸುಮಾರಿಗೆ ಈ ಹೆಸರನ್ನಿತ್ತರು. ಅಂಗೈಯಷ್ಟು, ಪುಸ್ತಕದಷ್ಟು, ಗೋಡೆಹಲಗೆಯಷ್ಟು ಗಾತ್ರದ ಸಾಧನಗಳನ್ನು ಅವರ ಬಳಗ ಅಲ್ಲಿ ರೂಪಿಸಿತು. ಇಂದು ಅವೇ ಬಗೆಯ ಯಂತ್ರಗಳು ನಮ್ಮ ದೇಹಕ್ಕೇ ಅಂಟಿಕೊಂಡಿವೆ.

2020-21ರ ಕೊರೊನಾ ಕಾಲದಲ್ಲಿ ಎಷ್ಟೋ ಮನೆಗಳಿಗೆ ಬಂದ ಆಕ್ಸಿಮೀಟರನ್ನೇ ನೋಡೋಣ. ಅದು ಕೆಂಪು ಮತ್ತು ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ರಕ್ತ ಹೀರಿದ ಬೆಳಕಿನ ಪ್ರಮಾಣದಿಂದ ಆಮ್ಲಜನಕವನ್ನು ಲೆಕ್ಕ ಹಾಕುತ್ತದೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ ಲೆಕ್ಕ ತಪ್ಪಬಹುದು. ಕಪ್ಪು ಮೈಬಣ್ಣದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸೀತೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಎಚ್ಚರಿಸಿತು. ನಮ್ಮವರಿಗೆ ಇದು ಸಣ್ಣ ಮಾತಲ್ಲ. ಅಂಕಿ ಚೆನ್ನಾಗಿದ್ದೂ ಏದುಸಿರು ಬರುತ್ತಿದ್ದರೆ ಏದುಸಿರನ್ನೇ ನಂಬಿ ವೈದ್ಯರಲ್ಲಿಗೆ ಹೋಗಬೇಕು.

ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಬಿಲ್ಲೆಯದೂ ಇದೇ ಕಥೆ. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಆದುದರಿಂದ ಕೆಲವು ನಿಮಿಷ ಹಿಂದುಳಿಯುತ್ತದೆ. ಬೆವರು, ನಡುಕ ಕಂಡಾಗ ಅಂಕಿ ಸರಿಯಿದ್ದರೂ ಬೆರಳು ಚುಚ್ಚಿ ಮತ್ತೊಮ್ಮೆ ಪರೀಕ್ಷಿಸುವುದೇ ಕ್ಷೇಮ. ರಕ್ತದೊತ್ತಡದ ಯಂತ್ರಕ್ಕಾದರೋ ಐದು ನಿಮಿಷ ಸುಮ್ಮನೆ ಕುಳಿತು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟುಕೊಂಡರೆ ಸಾಕು. ಚಹಾ ಕುಡಿದ ಕೂಡಲೇ ನೋಡಬಾರದು.

ಮುಂದಿನ ತೊಡಕುಗಳು ಯಂತ್ರದ ಹೊರಗಿವೆ. ಬ್ಯಾಟರಿ ತೀರಿದರೆ, ಬಿಲ್ಲೆ ಕೆಟ್ಟರೆ ಹಳ್ಳಿಯಲ್ಲಿ ಸರಿಪಡಿಸುವವರಾರು? ನಮ್ಮ ನಾಡಿಯ ಲೆಕ್ಕ ಮೊಬೈಲಿನಿಂದ ಯಾರ ಕೈ ಸೇರುತ್ತದೆ? ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಭಾರತದಲ್ಲಿ ಕಾಯಿದೆಯಾಯಿತು. ಆದರೂ ಒಪ್ಪಿಗೆಯ ಗುಂಡಿಯನ್ನು ಓದದೆ ಒತ್ತುವುದು ನಮ್ಮೆಲ್ಲರ ರೂಢಿ. ವಯಸ್ಸಾದವರ ಮೊಬೈಲಿಗೆ ಇಂಥ ಆ್ಯಪ್ ಹಾಕಿಕೊಡುವ ಮಕ್ಕಳು, ಅದು ಕೇಳುವ ಅನುಮತಿಗಳನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಲಿ; ಮನೆಯ ಯಂತ್ರವನ್ನು ವರ್ಷಕ್ಕೊಮ್ಮೆಯಾದರೂ ವೈದ್ಯರಲ್ಲಿಗೆ ಒಯ್ದು ಅಲ್ಲಿಯ ಯಂತ್ರದೊಡನೆ ತಾಳೆ ನೋಡಲಿ.