ಗೋಲ್ಡ್‌ಫಿಶ್ ಮೈಮೇಲೆ ಗಂಟಾ? ಔಷಧಿ ಸುರಿಯೋ ಮುಂಚೆ ನೋಡಿ

ನಾಯಿ ಬೇಡ ಅನ್ನೋ ಹೈದರಾಬಾದಿನ ಓನರ್‌ಗಳು ಮೀನಿಗೆ ಅಡ್ಡಿ ಮಾಡಲ್ಲ, ಹಾಗಾಗಿ ನಮ್ಮೋರ ಫ್ಲ್ಯಾಟಲ್ಲೆಲ್ಲ ಗೋಲ್ಡ್‌ಫಿಶ್. ಮೈಮೇಲೆ ಏನೋ ಬೆಳೆದಿದೆ ಅಂತ ಫೋಟೋ ಕಳಿಸ್ತೀರಿ. ನಾನು ಮೊದಲು ಕೇಳೋದು, ಎಲ್ಲಿದೆ ಅಂತ.

ಕಿವಿರಿನ ಮುಚ್ಚಳ, ಎದೆಯ ರೆಕ್ಕೆಯ ಅಂಚು, ಇಷ್ಟರಲ್ಲೇ ಬಿಳಿ ಚುಕ್ಕೆ ಇದ್ರೆ ಅದು ಬೆದೆಗೆ ಬಂದ ಗಂಡು, ರೋಗ ಅಲ್ಲ. ಒರಾಂಡಾ ತಲೆಮೇಲಿನ ಹೂಕೋಸಿನಂಥ ಗುಪ್ಪೆ ತಳಿಯ ಗುಣ. ಮೈಯೆಲ್ಲ ಉಪ್ಪು ಉದುರಿಸಿದ ಹಾಗಿದ್ರೆ ಇಕ್ ಅನ್ನೋ ಪರೋಪಜೀವಿ. ಚುಕ್ಕೆ ಮಾಯವಾಯ್ತು ಅಂತ ಔಷಧಿ ನಿಲ್ಲಿಸಬೇಡಿ. ಅದು ಕೊಲ್ಲೋದು ನೀರಲ್ಲಿ ಈಜೋ ಮರಿಗಳನ್ನ, ಚರ್ಮದೊಳಗೆ ಕೂತಿರೋದನ್ನಲ್ಲ.

ಮೇಣದ ಹನಿಯಂಥ ನುಣುಪು ಗಂಟು ಕಾರ್ಪ್ ಪಾಕ್ಸ್ ಇರಬಹುದು. ಇದು ಹರ್ಪಿಸ್ ಜಾತಿಯ ವೈರಸ್, ಔಷಧಿಯೇ ಇಲ್ಲ. ನೀರು ಬೆಚ್ಚಗಾದಾಗ ಎಷ್ಟೋ ಸಲ ತಾನೇ ಉದುರುತ್ತೆ. ಇದಕ್ಕೆ ಮೆಥಿಲೀನ್ ಬ್ಲೂ ಸುರಿದ್ರೆ ಫಿಲ್ಟರಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಅಮೋನಿಯಾ ಏರುತ್ತೆ. ಗಂಟಿಗೆ ಸಾಯದ ಮೀನು ನೀರಿಗೆ ಸಾಯುತ್ತೆ!

ವಾರವಾರಕ್ಕೂ ದೊಡ್ಡದಾಗ್ತಾ, ರಕ್ತ ಒಸರ್ತಾ ಇದ್ರೆ ಟ್ಯೂಮರ್ ಇರಬಹುದು. ಮೀನಿಗೂ ಅರಿವಳಿಕೆ ಕೊಟ್ಟು ಕತ್ತರಿಸಿ ತೆಗೀತಾರೆ, ನಗಬೇಡಿ. ಅಕ್ವೇರಿಯಂ ಅಂಗಡಿಗೆ ಓಡೋ ಬದಲು ರಾಜೇಂದ್ರನಗರದ ವೆಟರ್ನರಿ ಕಾಲೇಜಲ್ಲಿ ವಿಚಾರಿಸಿ. ಮುಂದಿನ ಸಲ ಫೋಟೋ ಜೊತೆ ಅಮೋನಿಯಾ ಟೆಸ್ಟ್ ರಿಸಲ್ಟೂ ಕಳಿಸಿ.